ಬೇರೆ ಗುಳಿಗಿ ಏನರ ತಗೋತೀರೇನು?

ಹೋದ ವರ್ಷ ಆಷಾಢದಲ್ಲಿ ಒಂದು ದಿನ ಬೆಳಿಗ್ಗೆ ಎದ್ದಾಗ ನನ್ನ ಕುತ್ತಿಗೆ ಎಡಕ್ಕೆ ತಿರುಗಲಿಲ್ಲ. ರಾತ್ರಿ ದಿಂಬು ಸರಿ ಇರಲಿಲ್ಲವೇನೋ ಎಂದು ಸುಮ್ಮನಾದೆ. ಮೂರನೇ ದಿನಕ್ಕೆ ನೋವು ಭುಜಕ್ಕಿಳಿದು, ಅಲ್ಲಿಂದ ಬೆನ್ನಿಗೆ ಹರಡಿ, ತಲೆ ಬಾಚಿಕೊಳ್ಳಲು ಕೈ ಎತ್ತುವುದೂ ಕಷ್ಟವಾಯಿತು. ಕಾರಣ ಹುಡುಕಬೇಕಾಗಿರಲಿಲ್ಲ. ಆರು ತಿಂಗಳಿಂದ ನಾನು ಮಾಡುತ್ತಿದ್ದುದು ಒಂದೇ ಕೆಲಸ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಹಾಸ್ಟೆಲ್ ಮಂಚದ ಮೇಲೆ ಕಾಲು ಮಡಚಿ ಕೂತು, ತೊಡೆಯ ಮೇಲಿನ ಲ್ಯಾಪ್‌ಟಾಪಿಗೆ ಬಗ್ಗಿ, ಖಾನಾಪುರ ತಾಲ್ಲೂಕಿನ ಹೆಂಗಸರ ಬೀಸುವ ಹಾಡುಗಳನ್ನು ಅಕ್ಷರಕ್ಕಿಳಿಸುವುದು. ಒಂದು ಗಂಟೆಯ ಧ್ವನಿಮುದ್ರಣಕ್ಕೆ ಎಂಟು ಗಂಟೆ ಹಿಡಿಯುತ್ತಿತ್ತು. ಪಿಎಚ್‌ಡಿಯ ನಾಲ್ಕನೇ ವರ್ಷ. ಗೈಡ್ ಕಡೆಯಿಂದ ದಿನಾ ಒಂದು ಮೆಸೇಜು. ಕುತ್ತಿಗೆಯ ಕಡೆ ನೋಡುವ ಹೊತ್ತು ಅದಾಗಿರಲಿಲ್ಲ.

ಬೆಳಗಾವಿಯಲ್ಲಿ ಒಬ್ಬ ಎಲುಬಿನ ಡಾಕ್ಟರಿಗೆ ತೋರಿಸಿದೆ. ಅವರು ಕುತ್ತಿಗೆಯನ್ನು ಅತ್ತ ಇತ್ತ ತಿರುಗಿಸಿ, ಬೆರಳಿನಿಂದ ಒತ್ತಿ, "ಎಲುಬು ಏನೂ ಆಗಿಲ್ಲ, ಸ್ನಾಯು ಹಿಡಕೊಂಡದ" ಎಂದರು. ನೋವಿನ ಗುಳಿಗೆಯ ಜೊತೆ ಸ್ನಾಯು ಸಡಿಲಾಗಲು ಒಂದು ಗುಳಿಗೆ ಬರೆದರು. ಟಿಜಾನಿಡಿನ್, 2 ಮಿಲಿಗ್ರಾಂ, ರಾತ್ರಿ ಊಟದ ನಂತರ ಒಂದು, ಹತ್ತು ದಿನ. "ನಿದ್ದಿ ಬರ್ತದ. ತಗೊಂಡ ಮ್ಯಾಲ ಗಾಡಿ ಹೊಡೀಬ್ಯಾಡ್ರಿ." ಅಷ್ಟೇ ಮಾತು. ಹೊರಗೆ ಬೆಂಚಿನ ಮೇಲೆ ಇನ್ನೂ ಇಪ್ಪತ್ತು ಮಂದಿ ಕೂತಿದ್ದರು. ನಾನೂ ಏನೂ ಕೇಳಲಿಲ್ಲ.

ಗುಳಿಗೆ ಕೆಲಸ ಮಾಡಿತು ಎಂಬುದನ್ನು ಮೊದಲೇ ಹೇಳಬೇಕು. ಎರಡನೇ ರಾತ್ರಿಗೇ ಬೆನ್ನಿನ ಗಂಟು ಬಿಚ್ಚಿದಂತಾಯಿತು. ಬಾಯಿ ಒಣಗುತ್ತಿತ್ತು, ಬೆಳಿಗ್ಗೆ ತಲೆ ಸ್ವಲ್ಪ ಭಾರ. ಆದರೆ ಹದಿನೈದು ದಿನದ ಮೇಲೆ ಸರಿಯಾಗಿ ನಿದ್ದೆ ಬಂದಿತ್ತು. ಐದನೇ ದಿನ ಬ್ಯಾಗು ಏರಿಸಿಕೊಂಡು ಪ್ಯಾಸೆಂಜರ್ ರೈಲು ಹತ್ತಿ ಗುಂಜಿಗೆ ಹೊರಟೆ.

ಖಾನಾಪುರ ಮತ್ತು ಲೋಂಡಾ ನಡುವೆ ಬರುವ ಸಣ್ಣ ಸ್ಟೇಷನ್ನು ಗುಂಜಿ. ಖಾನಾಪುರ ದಾಟುತ್ತಿದ್ದಂತೆ ಕಾಡು ರೈಲಿನ ಕಿಟಕಿಗೇ ಬಂದು ನಿಲ್ಲುತ್ತದೆ, ಮಳೆ ಬೇರೆಯೇ ಭಾಷೆಯಲ್ಲಿ ಶುರುವಾಗುತ್ತದೆ. ಜನರ ಮಾತೂ ಹಾಗೆಯೇ. ಅಲ್ಲಿ ಮನೆಯೊಳಗೆ ಮರಾಠಿ, ಬಸ್ಸಿನಲ್ಲಿ ಕನ್ನಡ, ಲೋಂಡಾ ಕಡೆಯ ನೆಂಟರು ಬಂದರೆ ಕೊಂಕಣಿ. ಅಲ್ಲಿ ನಾನು ಉಳಿದುಕೊಳ್ಳುವುದು ಅರವತ್ತು ದಾಟಿದ ಒಬ್ಬ ಹೆಂಗಸಿನ ಮನೆಯಲ್ಲಿ. ಊರಿನ ಹುಡುಗಿಯರೆಲ್ಲ ಮಾವಶಿ ಎನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಅವರು ನನ್ನನ್ನು 'ಬಾಳ' ಎನ್ನುತ್ತಾರೆ.

ಮಾವಶಿಯಿಂದ ನಾನು ಕಲಿತ ಮೊದಲ ಪಾಠವನ್ನು ಇಲ್ಲಿ ಹೇಳಬೇಕು. ಅದು ಮುಂದೆ ಬೇಕಾಗುತ್ತದೆ. ಮೊದಲ ಸಲ ಹೋದಾಗ "ಮಾವಶಿ, ನಿಮಗ ಹಾಡು ಬರ್ತಾವೇನ್ರಿ?" ಎಂದು ಕೇಳಿದ್ದೆ. "ಛೇ, ನನಗ ಯಾವ ಹಾಡು" ಎಂದಿದ್ದರು. ಊರಿನ ಹತ್ತು ಮನೆಯಲ್ಲಿ ಹತ್ತು ಹೆಂಗಸರು ಅದನ್ನೇ ಹೇಳಿದರು. ಒಂದು ವಾರ ಬರಿಗೈ. ಕೊನೆಗೊಂದು ದಿನ ಮೂಲೆಯಲ್ಲಿದ್ದ ಬೀಸುಕಲ್ಲು ತೋರಿಸಿ, "ಇದರ ಮುಂದ ಕುಂತಾಗ ಬಾಯಾಗ ಏನ್ ಅಂತಿದ್ರಿ?" ಎಂದೆ. ಮಾವಶಿ ನಕ್ಕರು. ಆ ಸಂಜೆ ಎರಡು ಗಂಟೆ ಹಾಡಿದರು. ಅವರ ಮಟ್ಟಿಗೆ ಹಾಡು ಎಂದರೆ ಗುಡಿಯಲ್ಲಿ ಭಜನೆಯವರು ಹಾಡುವುದು, ರೇಡಿಯೋದಲ್ಲಿ ಬರುವುದು. ಬೀಸುವಾಗ ಬಾಯಿಗೆ ಬರುವುದು ಹಾಡಲ್ಲ, ಅದು ಬೀಸುವುದರದೇ ಒಂದು ಭಾಗ. ಅವರು ಸುಳ್ಳು ಹೇಳಿರಲಿಲ್ಲ. ನಾನು ಕೇಳಿದ ರೀತಿಯೇ ತಪ್ಪಾಗಿತ್ತು.

ಆಷಾಢದ ಆ ಸಲ ಮೂರನೇ ದಿನ ನನ್ನ ಹೊಟ್ಟೆ ಕೆಟ್ಟಿತು. ಮಳೆಗಾಲದ ನೀರು, ಖಾನಾಪುರ ಸ್ಟ್ಯಾಂಡಿನಲ್ಲಿ ತಿಂದ ಭಜಿ, ಯಾವುದೋ ಒಂದು. ಬೆಳಗಿನಿಂದ ನಾಲ್ಕೈದು ಸಲ ಓಡಿದೆ. ಮಾವಶಿ ಗಂಜಿ ಕೊಟ್ಟರು. ನಾಳೆ ಇನ್ನೊಂದು ಊರಿಗೆ ಹೋಗಬೇಕು, ಇವತ್ತೇ ನಿಲ್ಲಬೇಕು ಎಂಬ ಆತುರ ನನಗೆ. ಖಾನಾಪುರಕ್ಕೆ ಹೊರಟಿದ್ದ ಪಕ್ಕದ ಮನೆಯ ಹುಡುಗನ ಕೈಯಲ್ಲಿ ದುಡ್ಡು ಕೊಟ್ಟು, "ಮೆಡಿಕಲ್‌ನ್ಯಾಗ ಜುಲಾಬಿಗೆ ಗುಳಿಗಿ ಕೇಳಪಾ" ಎಂದೆ. ಅವನು ಒಂದು ಪಟ್ಟಿ ತಂದ. "ಎರಡ್ ದಿನ ತಗೊಂಡ್ರ ಬರೊಬ್ಬರಿ ಆಗ್ತದ ಅಂತ ಹೇಳ್ಯಾನ್ರಿ ಅಕ್ಕಾ." ಸಿಪ್ರೋಫ್ಲಾಕ್ಸಾಸಿನ್ ಮತ್ತು ಟಿನಿಡಜೋಲ್ ಕೂಡಿಸಿದ ಗುಳಿಗೆ. ನಮ್ಮ ಮನೆಯಲ್ಲಿ ನಾನು ಸಣ್ಣವಳಿದ್ದಾಗಿನಿಂದ ಹೊಟ್ಟೆ ಕೆಟ್ಟರೆ ಇಂಥದ್ದೇ ಗುಳಿಗೆ. ಅಪ್ಪನ ಟೇಬಲ್ಲಿನ ಡ್ರಾವರಿನಲ್ಲಿ ಯಾವಾಗಲೂ ಅರ್ಧ ಪಟ್ಟಿ ಇರುತ್ತಿತ್ತು. ಮಧ್ಯಾಹ್ನ ಒಂದು ನುಂಗಿದೆ. ರಾತ್ರಿ ಎಂಟಕ್ಕೆ ಇನ್ನೊಂದು. ಒಂಬತ್ತಕ್ಕೆ ಎಂದಿನಂತೆ ಕುತ್ತಿಗೆಯ ಗುಳಿಗೆ.

ಹತ್ತು ಗಂಟೆಯ ಹೊತ್ತಿಗೆ ಮೈ ತಣ್ಣಗಾಗತೊಡಗಿತು. ನಿದ್ದೆ ಬಂದಂತೆ, ಆದರೆ ನಿದ್ದೆಯಲ್ಲ. ಕರೆಂಟು ಹೋಗಿತ್ತು. ದೇವರ ಮುಂದಿನ ದೀಪದ ಬೆಳಕಿನಲ್ಲಿ ಮೂಲೆಯ ಬೀಸುಕಲ್ಲು ತಾನೇ ತಿರುಗುತ್ತಿರುವುದು ಕಂಡಿತು. ಕನಸಿನಂತೆ ಮಬ್ಬಾಗಿ ಅಲ್ಲ, ಸ್ಪಷ್ಟವಾಗಿ. ಗೂಟದ ಮೇಲೆ ಯಾರ ಕೈಯೂ ಇರಲಿಲ್ಲ. ಕಣ್ಣು ಮುಚ್ಚಿ ತೆಗೆದರೂ ತಿರುಗುತ್ತಿತ್ತು. ಆ ಕ್ಷಣ ನನಗೆ ಹೆದರಿಕೆಯಾಗಲಿಲ್ಲ, ಅದೇ ಈಗ ಹೆದರಿಕೆ ಹುಟ್ಟಿಸುವ ಸಂಗತಿ. ರೆಕಾರ್ಡರ್ ಆನ್ ಮಾಡಬೇಕು ಅಂದುಕೊಂಡೆ. ಮತ್ತೆ ಹೊಟ್ಟೆ ಮುರಿದಂತಾಗಿ ಹಿತ್ತಲಿನ ಕಡೆ ಹೋಗಲು ಎದ್ದು ನಿಂತೆ. ನ್ಹಾಣಿಯ ಹೊಸ್ತಿಲವರೆಗೆ ಹೋಗಿದ್ದು ನೆನಪಿದೆ. ಆಮೇಲೆ ಕೆನ್ನೆಯ ಕೆಳಗೆ ತಣ್ಣನೆಯ ಕಲ್ಲು ಮತ್ತು ಮಾವಶಿಯ ದನಿ. "ಉಠೂ ನಕೋ ಬಾಳ, ಉಠೂ ನಕೋ." ಏಳಬೇಡ ಎನ್ನುತ್ತಿದ್ದರು. ನಾನು ಪ್ರತಿ ಸಲ ತಲೆ ಎತ್ತಲು ಹೋದಾಗಲೂ ಕತ್ತಲೆ ಬಂದು ಮುಚ್ಚುತ್ತಿತ್ತು.

ಮಾವಶಿ ನನ್ನನ್ನು ಅಲ್ಲೇ ಚಾಪೆಗೆ ಎಳೆದು ಮಲಗಿಸಿ, ಕಾಲ ಕೆಳಗೆ ಅಕ್ಕಿಯ ಚೀಲ ಇಟ್ಟು, ಕಂಬಳಿ ಹೊದಿಸಿದರು. ಮೊಬೈಲಿಗೆ ಸಿಗ್ನಲ್ ಇರಲಿಲ್ಲ. ಹೊಳೆಯಂತೆ ಮಳೆ. ಹಣೆಗೆ ಮಾವುಲಿ ದೇವಿಯ ಅಂಗಾರಾ ಹಚ್ಚಿದರು. ನನಗೆ ಪೂರ್ತಿ ಎಚ್ಚರವಾದ ಮೇಲೆ ಉಪ್ಪು ಸಕ್ಕರೆ ಕಲಸಿದ ನೀರನ್ನು ಚಮಚೆಯಲ್ಲಿ ಕುಡಿಸಿದರು. ರಾತ್ರಿಯಿಡೀ ನನ್ನ ಅಂಗಾಲು ತಿಕ್ಕುತ್ತ ಕೂತಿದ್ದರು. ಎರಡು ಗಂಟೆಯ ಹೊತ್ತಿಗೆ ಬೀಸುಕಲ್ಲು ನಿಂತಿತು. ಆಗ ಹೆದರಿಕೆ ಶುರುವಾಯಿತು. ನನಗೆ ತಲೆ ಕೆಟ್ಟಿದೆಯೇ? ನಾಲ್ಕು ವರ್ಷ ಒಂದೇ ವಿಷಯ ಹಿಡಿದುಕೊಂಡು ಕೂತರೆ ಹೀಗಾಗುತ್ತದೆಯೇ? ಕಂಡದ್ದನ್ನು ಮಾವಶಿಗೆ ಹೇಳಲಿಲ್ಲ. ಹೇಳಿದರೆ ಹೊರಗಿನ ಬಾಧೆ ಅಂದಾರು ಎಂದಲ್ಲ. ಹೇಳಿದರೆ ಅದು ನಿಜವಾಗಿಬಿಡುತ್ತದೆ ಎಂದು.

ಬೆಳಗಾದ ಮೇಲೆ ಪಕ್ಕದ ಮನೆಯವರ ಟೆಂಪೋದಲ್ಲಿ ಖಾನಾಪುರದ ಒಂದು ದವಾಖಾನೆಗೆ ಕರೆದೊಯ್ದರು. ಡ್ಯೂಟಿಯಲ್ಲಿದ್ದವರು ನನ್ನದೇ ವಯಸ್ಸಿನ ಡಾಕ್ಟರು. ಬಿಪಿ 90/60 ಇತ್ತು, ನಾಡಿ ನಿಧಾನ. ಇಸಿಜಿ ತೆಗೆದರು, ಸಲಾಯಿನ್ ಹಚ್ಚಿದರು. ಕುತ್ತಿಗೆಯ ಚೀಟಿ ನೋಡಿ, "ಇಷ್ಟು ಸಣ್ಣ ಡೋಸಿಗೆ ಹಿಂಗ ಆಗಬಾರದಲ್ಲ" ಎಂದರು. ಆಮೇಲೆ ಕೇಳಿದರು: "ಬೇರೆ ಗುಳಿಗಿ ಏನರ ತಗೋತೀರೇನು?"

"ಇಲ್ರಿ" ಎಂದೆ.

ನಾನು ಸುಳ್ಳು ಹೇಳಲಿಲ್ಲ. ಔಷಧಿ ಎಂದರೆ ಡಾಕ್ಟರು ಬರೆದುಕೊಟ್ಟದ್ದು, ಚೀಟಿಯಲ್ಲಿರುವುದು. ಹೊಟ್ಟೆಯ ಗುಳಿಗೆ ನನ್ನ ಲೆಕ್ಕದಲ್ಲಿ ಔಷಧಿಯೇ ಅಲ್ಲ, ಅದು ಹೊಟ್ಟೆ ಕೆಟ್ಟಾಗ ಮಾಡುವ ಒಂದು ಕೆಲಸ. ಬ್ಯಾಗಿನಲ್ಲಿ ಕೂಡ ಅವು ಬೇರೆ ಬೇರೆ ಖಾನೆಯಲ್ಲಿದ್ದವು. ಒಂದು ಡಾಕ್ಟರ ಫೈಲಿನ ಜೊತೆ, ಇನ್ನೊಂದು ಚಿಲ್ಲರೆ ದುಡ್ಡಿನ ಜೊತೆ.

ಆ ಡಾಕ್ಟರು ಅಲ್ಲಿಗೇ ಬಿಡಲಿಲ್ಲ. "ನೆಗಡಿಗೆ? ಹೊಟ್ಟಿಗೆ? ನಿದ್ದಿಗೆ? ಮುಟ್ಟು ಮುಂದ ಹಾಕಾಕ? ಮಕ್ಕಳಾಗದಂಗ? ಆಯುರ್ವೇದದ್ದು?" ಎಂದು ಒಂದೊಂದಾಗಿ ಕೇಳುತ್ತ ಹೋದರು. ಹೊಟ್ಟೆ ಎಂದಾಗ ನಾನು ಬ್ಯಾಗಿನ ಕಡೆ ನೋಡಿದೆ. ಮಾವಶಿ ಪಟ್ಟಿ ತೆಗೆದುಕೊಟ್ಟರು. ಡಾಕ್ಟರು ಎರಡೂ ಪಟ್ಟಿಗಳನ್ನು ಟೇಬಲ್ಲಿನ ಮೇಲೆ ಪಕ್ಕಪಕ್ಕ ಇಟ್ಟು, "ಇವೆರಡು ಕೂಡಬಾರದ್ರೀ" ಎಂದರು.

ಮಂಚದ ಮೇಲೆ ಮಲಗಿ ನಾನು ಅವರಿಗೆ ಬೀಸುಕಲ್ಲಿನ ವಿಷಯ ಹೇಳಿದೆ. ಅವರು ನಗಲಿಲ್ಲ. "ಆ ಗುಳಿಗಿಗೆ ಹಂಗ ಆಗ್ತದ. ರಕ್ತದಾಗ ಪ್ರಮಾಣ ಜಾಸ್ತಿ ಆದ್ರ ಇಲ್ಲದ್ದು ಕಾಣಿಸ್ತದ. ನಿಮ್ಮ ತಲಿ ನೆಟ್ಟಗದ" ಎಂದರು. ಸಲಾಯಿನ್ನಿಗಿಂತ ಆ ಮಾತಿನಿಂದ ನನಗೆ ಜೀವ ಬಂತು.

ಹಾಸ್ಟೆಲಿಗೆ ಮರಳಿದ ಮೇಲೆ ಸಂಶೋಧನೆಯ ಚಟ ಬಿಡಲಿಲ್ಲ, ಓದತೊಡಗಿದೆ. ಸ್ನಾಯು ಸಡಿಲಿಸುವ ಗುಳಿಗೆ ಎಂದು ನಾವು ಕರೆದರೂ ಟಿಜಾನಿಡಿನ್ ಸ್ನಾಯುವನ್ನು ಮುಟ್ಟುವುದೇ ಇಲ್ಲ. ಅದು ಕೆಲಸ ಮಾಡುವುದು ಮಿದುಳು ಮತ್ತು ಬೆನ್ನುಹುರಿಯಲ್ಲಿ. ಬಿಗಿಯಾಗು ಎಂದು ಸ್ನಾಯುವಿಗೆ ಹೋಗುವ ಸಂದೇಶವನ್ನು ಅಲ್ಲೇ ತಗ್ಗಿಸುತ್ತದೆ. ರಕ್ತದೊತ್ತಡ ಇಳಿಸಲು ಕೊಡುವ ಕ್ಲೋನಿಡಿನ್ ಎಂಬ ಔಷಧಿಯ ಹತ್ತಿರದ ಸಂಬಂಧಿ ಅದು. ಹಾಗಾಗಿ ನಿದ್ದೆ, ಬಾಯಿ ಒಣಗುವುದು, ಬಿಪಿ ಇಳಿಯುವುದು ಮೂರೂ ಅದರ ಹುಟ್ಟುಗುಣ. ನುಂಗಿದ ಮೇಲೆ ಅದರ ಬಹುಭಾಗವನ್ನು ಯಕೃತ್ತಿನಲ್ಲಿರುವ ಒಂದು ಕಿಣ್ವ ಒಡೆದುಹಾಕುತ್ತದೆ. ರಕ್ತಕ್ಕೆ ಸೇರುವುದು ಉಳಿದ ಸ್ವಲ್ಪ. 2 ಮಿಲಿಗ್ರಾಂ ಎಂಬ ಲೆಕ್ಕವನ್ನು ಆ ಕಾವಲುಗಾರ ಇದ್ದಾನೆ ಎಂದು ನಂಬಿಯೇ ಹಾಕಿರುತ್ತಾರೆ. ಸಿಪ್ರೋಫ್ಲಾಕ್ಸಾಸಿನ್ ಮಾಡುವುದು ಆ ಕಾವಲುಗಾರನ ಕೈ ಕಟ್ಟುವ ಕೆಲಸ.

2004ರಲ್ಲಿ ಫಿನ್‌ಲೆಂಡಿನ ಹೆಲ್ಸಿಂಕಿಯ ಸಂಶೋಧಕರು ಹತ್ತು ಮಂದಿ ಆರೋಗ್ಯವಂತರ ಮೇಲೆ ನಡೆಸಿದ ಅಧ್ಯಯನವೊಂದನ್ನು ಪ್ರಕಟಿಸಿದರು. ಮೂರು ದಿನ ಸಿಪ್ರೋಫ್ಲಾಕ್ಸಾಸಿನ್ ಕೊಟ್ಟು, ಆಮೇಲೆ ಒಂದೇ ಒಂದು ಟಿಜಾನಿಡಿನ್ ಗುಳಿಗೆ ಕೊಟ್ಟರೆ ದೇಹಕ್ಕೆ ಸಿಗುವ ಅದರ ಒಟ್ಟು ಪ್ರಮಾಣ ಸರಾಸರಿ ಹತ್ತು ಪಟ್ಟು ಏರಿತ್ತು. ಎಲ್ಲರಲ್ಲೂ ಒಂದೇ ಸಮ ಅಲ್ಲ. ಕೆಲವರಲ್ಲಿ ಆರು ಪಟ್ಟು, ಕೆಲವರಲ್ಲಿ ಇಪ್ಪತ್ನಾಲ್ಕು ಪಟ್ಟು. ಫ್ಲೂವಾಕ್ಸಮಿನ್ ಎಂಬ ಮಾನಸಿಕ ಕಾಯಿಲೆಯ ಔಷಧಿಯ ಜೊತೆಗಾದರೆ ಇದಕ್ಕಿಂತ ಹೆಚ್ಚು. ಈ ಎರಡರ ಜೊತೆ ಟಿಜಾನಿಡಿನ್ ಕೊಡಲೇಬಾರದು ಎಂದು ಔಷಧಿಯ ವಿವರಪತ್ರದಲ್ಲೇ ಬರೆದಿರುತ್ತದೆ. ಗರ್ಭನಿರೋಧಕ ಗುಳಿಗೆಯೂ ಇದೇ ಕಿಣ್ವವನ್ನು ತಡೆಯುತ್ತದೆ. ಕುತ್ತಿಗೆ ನೋವೆಂದು ಹೋದ ಯಾವ ಹೆಂಗಸು ಎಲುಬಿನ ಡಾಕ್ಟರ ಮುಂದೆ ತಾನಾಗಿ ಅದನ್ನು ಹೇಳಿಯಾಳು? ಡಾಕ್ಟರ ಆ ಉದ್ದನೆಯ ಪ್ರಶ್ನೆಯಲ್ಲಿ ಅದು ಯಾಕೆ ಸೇರಿತ್ತು ಎಂದು ಆಗ ತಿಳಿಯಿತು. ಅಂದು ನನ್ನ ಮೈಯಲ್ಲಿ ನೀರು ಕಡಿಮೆಯಾಗಿದ್ದೂ ಬಿಪಿ ಬೀಳಲು ಕೂಡಿಬಂದಿತ್ತು.

ಹೊಟ್ಟೆಯ ಗುಳಿಗೆಯ ಪಟ್ಟಿಯನ್ನು ನಾನು ಎಸೆದಿರಲಿಲ್ಲ. ಅದರ ಹಿಂಬದಿಯಲ್ಲಿ ಮೇಲಿನಿಂದ ಕೆಳಗೆ ಒಂದು ಕೆಂಪು ಗೆರೆ ಇತ್ತು. ಇಂಥ ಗೆರೆ ಇರುವ ಔಷಧಿಯನ್ನು ಡಾಕ್ಟರ ಚೀಟಿ ಇಲ್ಲದೆ ತೆಗೆದುಕೊಳ್ಳಬೇಡಿ ಎಂದು ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲೇ ಪ್ರಚಾರ ಆರಂಭಿಸಿತ್ತು. ಅದು ನೂರು ಸಲ ಕಣ್ಣಿಗೆ ಬಿದ್ದಿರಬೇಕು, ಪ್ಯಾಕಿಂಗಿನ ಚಿತ್ತಾರ ಎಂದುಕೊಂಡಿದ್ದೆ. "ನಿಮಗ ಬೇಕಾಗಿದ್ದು ಓಆರ್‌ಎಸ್ ಅಷ್ಟ" ಎಂದು ಖಾನಾಪುರದ ಡಾಕ್ಟರು ಹೇಳಿದ್ದರು. ಅಂದರೆ ಮಾವಶಿ ಚಮಚೆಯಲ್ಲಿ ಕುಡಿಸಿದ್ದೇ ಸರಿಯಾದ ಔಷಧಿ.

ಎರಡೂ ಗುಳಿಗೆ ನಿಲ್ಲಿಸಲು ಅವರು ಹೇಳಿದರು. ನನ್ನದು ಸಣ್ಣ ಪ್ರಮಾಣ, ಕೆಲವೇ ದಿನ, ಹಾಗಾಗಿ ಒಮ್ಮೆಲೇ ನಿಲ್ಲಿಸಬಹುದಿತ್ತು. ಪಾರ್ಶ್ವವಾಯುವಿನ ನಂತರದ ಬಿಗಿತಕ್ಕೆ ಇದನ್ನು ಹೆಚ್ಚು ಪ್ರಮಾಣದಲ್ಲಿ ತಿಂಗಳುಗಟ್ಟಲೆ ತೆಗೆದುಕೊಳ್ಳುವವರು ಹಾಗೆ ಮಾಡಬಾರದು. ಥಟ್ಟನೆ ಬಿಟ್ಟರೆ ಬಿಪಿ ಮೇಲೇರುತ್ತದೆ. ಡಾಕ್ಟರನ್ನು ಕೇಳಿ ಸ್ವಲ್ಪಸ್ವಲ್ಪವೇ ಇಳಿಸಬೇಕು. ನನ್ನ ಕಥೆ ಓದಿ ಯಾರೂ ಮನೆಯಲ್ಲಿರುವ ಗುಳಿಗೆ ಎಸೆಯಬಾರದು ಎಂದು ಇದನ್ನು ಬರೆಯುತ್ತಿದ್ದೇನೆ.

ಕುತ್ತಿಗೆ ನೋವೇನೂ ಹೋಗಿರಲಿಲ್ಲ. ವಾರದೊಳಗೆ ಮರಳಿ ಬಂತು. ಜೊತೆಗೆ ಒಂದು ಹೊಸ ಅಂಜಿಕೆ. ರಾತ್ರಿ ಹಾಸಿಗೆಯಿಂದ ಏಳಲು ಭಯ, ಯಾವ ಗುಳಿಗೆ ಕಂಡರೂ ಭಯ. ಒಂದು ಪ್ಯಾರಾಸಿಟಮಾಲ್ ಕೈಯಲ್ಲಿ ಹಿಡಿದು ಅರ್ಧ ಗಂಟೆ ಕೂತದ್ದಿದೆ. ಬೇರೆ ಡಾಕ್ಟರೊಬ್ಬರು ಇನ್ನೊಂದು ಬಗೆಯ ಗುಳಿಗೆ, ಥಯೋಕಾಲ್ಚಿಕೋಸೈಡ್, ಕೊಡಬಹುದು ಎಂದರು. ಈ ಸಲ ಮನೆಗೆ ಹೋಗಿ ಓದಿ ಬರುತ್ತೇನೆ ಎಂದೆ. ಓದಿದಾಗ ಅಚ್ಚರಿಯಾಯಿತು. ಅದರ ಮೂಲ ಅಗ್ನಿಶಿಖೆಯ ಗಿಡ. ಭಾದ್ರಪದದಲ್ಲಿ ಗುಂಜಿಯ ಬೇಲಿಗಳ ಮೇಲೆ ಕೆಂಪು ಹಳದಿ ಬೆಂಕಿ ಹತ್ತಿದಂತೆ ಅರಳುವ ಹೂವು. ಮಾವಶಿ ಅದನ್ನು ಕಳಲಾವಿ ಎನ್ನುತ್ತಾರೆ. ಹೂವು ಗೌರಿಗೆ, ಗಡ್ಡೆ ವಿಷ, ಮುಟ್ಟಿದರೆ ಕೈ ತೊಳಿ ಎಂದು ಅವರು ಹೇಳಿದ್ದರು. ಯುರೋಪಿನ ಔಷಧ ನಿಯಂತ್ರಣ ಸಂಸ್ಥೆ 2013ರಲ್ಲಿ ಈ ಗುಳಿಗೆಗೆ ಮಿತಿ ಹಾಕಿದೆ. ಏಳು ದಿನಕ್ಕಿಂತ ಹೆಚ್ಚು ಬೇಡ, ಬಸುರಿ ಬಾಣಂತಿಯರಿಗೆ ಬೇಡ. ಗಿಡದಿಂದ ಬಂದದ್ದೆಲ್ಲ ಸೌಮ್ಯ, ಕಾರ್ಖಾನೆಯಿಂದ ಬಂದದ್ದೆಲ್ಲ ಉಗ್ರ ಎಂಬ ಮಾತು ನನಗೆ ಅಲ್ಲಿಗೆ ಮುಗಿಯಿತು. ಪ್ರತಿಯೊಂದಕ್ಕೂ ಅದರದೇ ಲೆಕ್ಕ ಇದೆ, ಆ ಲೆಕ್ಕ ಕೇಳಿಕೊಳ್ಳಬೇಕು.

ಕೊನೆಗೆ ನನಗೆ ಉಪಯೋಗಕ್ಕೆ ಬಂದವು ಸಪ್ಪೆ ಸಂಗತಿಗಳು. ಫಿಸಿಯೋಥೆರಪಿಯವರು ಕಲಿಸಿದ ನಾಲ್ಕು ವ್ಯಾಯಾಮ. ಬಿಸಿನೀರಿನ ಚೀಲ. ಹಾಸ್ಟೆಲ್ ಮಂಚ ಬಿಟ್ಟು ಲೈಬ್ರರಿಯ ಕುರ್ಚಿ, ಲ್ಯಾಪ್‌ಟಾಪಿನ ಕೆಳಗೆ ನಾಲ್ಕು ದಪ್ಪ ನಿಘಂಟು. ನಲವತ್ತು ನಿಮಿಷಕ್ಕೊಮ್ಮೆ ಎದ್ದು ನೀರು ಕುಡಿಯುವುದು. ಬೆಳಿಗ್ಗೆ ಎದ್ದಾಗ ಮಂಚದ ಅಂಚಿನಲ್ಲಿ ಒಂದು ನಿಮಿಷ ಕೂತು ಆಮೇಲೆ ನಿಲ್ಲುವುದು. ಮತ್ತೆ ಪರ್ಸಿನಲ್ಲಿ ಒಂದು ಚೀಟಿ. ಅದರಲ್ಲಿ ನಾನು ತೆಗೆದುಕೊಳ್ಳುವ ಪ್ರತಿಯೊಂದು ಗುಳಿಗೆಯ ಹೆಸರು, ಹೊಟ್ಟೆಯದ್ದೂ ಸೇರಿ. ಎಲುಬಿನ ಡಾಕ್ಟರಿಗೆ ಮೆಡಿಕಲ್ ಅಂಗಡಿಯವನು ಕೊಟ್ಟದ್ದು ಗೊತ್ತಿರಲಿಲ್ಲ, ಅಂಗಡಿಯವನಿಗೆ ಡಾಕ್ಟರು ಬರೆದದ್ದು ಗೊತ್ತಿರಲಿಲ್ಲ. ಎರಡೂ ಗೊತ್ತಿದ್ದವಳು ನಾನೊಬ್ಬಳೇ. ನನಗೆ ಅವೆರಡಕ್ಕೂ ಸಂಬಂಧವಿದೆ ಎಂಬುದು ಗೊತ್ತಿರಲಿಲ್ಲ.

ಔಷಧಿಯಿಂದ ತೊಂದರೆಯಾದರೆ ರೋಗಿಯೇ ಸರ್ಕಾರಕ್ಕೆ ವರದಿ ಮಾಡಬಹುದು ಎಂದೂ ತಿಳಿಯಿತು. ಗಾಜಿಯಾಬಾದಿನಲ್ಲಿರುವ ಭಾರತೀಯ ಫಾರ್ಮಕೋಪಿಯಾ ಆಯೋಗ ಇದನ್ನು ನೋಡಿಕೊಳ್ಳುತ್ತದೆ. 1800-180-3024 ಎಂಬ ಉಚಿತ ಸಹಾಯವಾಣಿ ಇದೆ. ಫಾರ್ಮು ಕನ್ನಡದಲ್ಲೂ ಇದೆ. ತುಂಬಿ ಕಳಿಸಿದೆ. ಬೀಸುಕಲ್ಲು ತಾನೇ ತಿರುಗಿದ್ದನ್ನು ಅದರಲ್ಲಿ ಬರೆಯುವಾಗ ಸ್ವಲ್ಪ ಹೊತ್ತು ಪೆನ್ನು ನಿಂತಿತ್ತು. ಆಮೇಲೆ ಬರೆದೆ.

ಗೌರಿ ಹಬ್ಬಕ್ಕೆ ಮತ್ತೆ ಗುಂಜಿಗೆ ಹೋದೆ. ಮಾವಶಿ ಕಟ್ಟೆಯಿಂದ ಏಳುವಾಗ ಕಂಬ ಹಿಡಿದುಕೊಂಡು ಒಂದು ಕ್ಷಣ ಕಣ್ಣು ಮುಚ್ಚಿ ನಿಂತರು. ಮುಂಚೆಯೂ ಹಾಗೆ ನಿಲ್ಲುತ್ತಿದ್ದರು, ನಾನು ಗಮನಿಸಿರಲಿಲ್ಲ. "ಮಾವಶಿ, ಔಷಧ ಏನರ ತಗೋತೀರೇನ್ರಿ?" ಎಂದೆ. "ಛೇ, ನನಗ ಯಾವ ಔಷಧ" ಎಂದರು. ಆ ದನಿ ನನಗೆ ಪರಿಚಯವಿತ್ತು. ಪಕ್ಕದಲ್ಲಿ ಕೂತು ಬೇರೆ ರೀತಿ ಕೇಳಿದೆ. "ಮೊಳಕಾಲು ನೋಯ್ತಾವಲ್ಲ, ಅದಕ್ಕೇನ್ ಮಾಡ್ತೀರಿ? ರಾತ್ರಿ ನಿದ್ದಿ ಬರಲಿಲ್ಲಂದ್ರ?"

ಮಾವಶಿ ಒಳಗೆ ಹೋಗಿ ಒಂದು ಬಿಸ್ಕೀಟಿನ ಡಬ್ಬಿ ತಂದರು. ಅದರಲ್ಲಿ ಬಿಪಿ ಗುಳಿಗೆ ಇತ್ತು. ಕ್ಯಾಲ್ಸಿಯಂ ಇತ್ತು. ಮಗ ಗೋವಾದಿಂದ ತಂದುಕೊಟ್ಟ ಮೊಳಕಾಲಿನ ಗುಳಿಗೆಯ ಪಟ್ಟಿಯೂ ಇತ್ತು. ನೋವಿನ ಔಷಧಿಗೆ ಟಿಜಾನಿಡಿನ್ ಬೆರೆಸಿದ್ದು. ಬಿಪಿ ಇಳಿಸುವ ಗುಳಿಗೆಯ ಮೇಲೆ ಇನ್ನೊಂದು ಬಿಪಿ ಇಳಿಸುವ ಗುಳಿಗೆ. ಎಂಟು ತಿಂಗಳಿಂದ, ನೋವು ಬಂದಾಗಲೆಲ್ಲ. ತಲೆ ತಿರುಗುವುದನ್ನು ವಯಸ್ಸಾಯಿತು ಎಂದುಕೊಂಡಿದ್ದರು.

ಮರುದಿನ ಡಬ್ಬಿಯನ್ನು ಹಾಗೇ ಹಿಡಿದುಕೊಂಡು ಇಬ್ಬರೂ ಖಾನಾಪುರದ ಬಸ್ಸು ಹತ್ತಿದೆವು. ಅದೇ ಡಾಕ್ಟರು ಇದ್ದರು. ಮಾವಶಿ ಡಬ್ಬಿಯ ಮುಚ್ಚಳ ತೆಗೆದು ಟೇಬಲ್ಲಿನ ಮೇಲೆ ಇಟ್ಟು, "ಬಘಾ, ಸಗಳಂ ಆಹೇ" ಎಂದರು. ನೋಡಿ, ಎಲ್ಲಾ ಇದರಲ್ಲಿದೆ.